ಹಿಪ್ಪುನೇರಳೆಯ ಶ್ರೀಖಂಡ

ಹೋದ ವರ್ಷ ಫೆಬ್ರುವರಿ ಕೊನೆಗೆ ನನ್ನ ಹೆಂಡತಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಬೈಲಹೊಂಗಲದ ಎಲುಬಿನ ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಆ ಕೈಯಿಂದ ಏನನ್ನೂ ಎತ್ತಬಾರದು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇನ್ನು ಅಡಿಗೆಮನೆ ನಿಮ್ಮದೇ ಎಂದು ನಕ್ಕರು. ನಾನೂ ನಕ್ಕೆ. ಅದು ತಮಾಷೆಯ ಮಾತಲ್ಲ ಎಂದು ಗೊತ್ತಾದದ್ದು ಮರುದಿನ ಬೆಳಿಗ್ಗೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇಪ್ಪತ್ತಾರು ವರ್ಷ ಬುನ್ಸೆನ್ ಬರ್ನರ್ ಹಚ್ಚಿದವನಿಗೆ ಮನೆಯ ಗ್ಯಾಸ್ ಒಲೆ ಏನು ದೊಡ್ಡದು ಎಂಬ ಧೈರ್ಯವಿತ್ತು. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿ ನಾವಿಬ್ಬರೇ. ಎರಡು ಹೊತ್ತಿನ ರೊಟ್ಟಿ, ಪಲ್ಯ ಪಕ್ಕದ ಓಣಿಯ ಖಾನಾವಳಿಯಿಂದ ತರುವುದೆಂದು ಗೊತ್ತುಮಾಡಿಕೊಂಡೆವು. ಉಳಿದದ್ದು ಬೆಳಗಿನ ನಾಷ್ಟಾ. ನನಗೆ ಬರುತ್ತಿದ್ದದ್ದು ಉಪ್ಪಿಟ್ಟು ಒಂದೇ.

ಮೊದಲನೆಯ ದಿನ ಅವಳು ಬರೋಬ್ಬರಿ ಆಗಿದೆ ಎಂದಳು. ಎರಡನೆಯ ದಿನ ಉಪ್ಪು ಸ್ವಲ್ಪ ಮುಂದಾಯಿತು ಎಂದಳು. ಮೂರನೆಯ ದಿನದಿಂದ ಏನೂ ಹೇಳಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಎಂಟನೆಯ ದಿನ ಎಡಗೈಯಿಂದ ತಾಟನ್ನು ನಿಧಾನವಾಗಿ ನನ್ನ ಕಡೆಗೆ ಸರಿಸಿದಳು.

"ನಾಳೆನೂ ಇದ ಆದ್ರ ನಾ ಸಾಲಹಳ್ಳಿಗೆ ಹೋಗ್ತೇನಿ" ಎಂದಳು.

ಸಾಲಹಳ್ಳಿ ರಾಮದುರ್ಗ ತಾಲೂಕಿನಲ್ಲಿರುವ ಅವಳ ತವರೂರು. ಮದುವೆಯಾದ ಮೇಲೆ ಆ ಊರಿನ ಹೆಸರನ್ನು ಅವಳು ಈ ಧಾಟಿಯಲ್ಲಿ ತೆಗೆದದ್ದು ಎರಡೇ ಸಲ. ಆದ್ದರಿಂದ ಅಂದು ಪಾಠ ಮುಗಿಸಿ ಸಾಲಿ ಬಿಟ್ಟವನೇ ನೇರ ಮಾರುಕಟ್ಟೆಗೆ ಹೋದೆ. ಅಲ್ಲಿ ಕೈಗಾಡಿಯೊಂದರ ಮೇಲೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸ್ಟ್ರಾಬೆರಿ ಇಟ್ಟಿದ್ದರು. ಐವತ್ತು ದಾಟಿದರೂ ನಾನು ಆ ಹಣ್ಣನ್ನು ಒಮ್ಮೆಯೂ ಕೊಂಡವನಲ್ಲ. ಸಿಹಿ ಇದೆಯೇ ಎಂದು ಕೇಳಿದೆ. ಗಾಡಿಯವನು ಪ್ರಾಮಾಣಿಕ ಮನುಷ್ಯ. "ಬಣ್ಣ ಭಾಳ ಚಲೋ ಐತ್ರಿ ಸರ್" ಎಂದ. ಎರಡು ಡಬ್ಬಿ ತಗೊಂಡೆ.

ಮಗಳಿಗೆ ಫೋನ್ ಮಾಡಿ ಇದನ್ನು ಹೇಗೆ ಬೇಯಿಸಬೇಕು ಎಂದು ಕೇಳಿದೆ. ಅವಳು, ದಯವಿಟ್ಟು ಒಲೆಯ ಹತ್ತಿರ ಹೋಗಬೇಡಪ್ಪಾ ಎಂದು, ಮಾಡುವ ಬಗೆ ಹೇಳಿದಳು. ಮರುದಿನ ಬೆಳಿಗ್ಗೆ ತೆಳು ಅವಲಕ್ಕಿಯ ಮೇಲೆ ಗಟ್ಟಿ ಮೊಸರು ಸುರಿದು, ಬೆಲ್ಲದ ಪುಡಿ ಕಲಸಿ, ಸ್ಟ್ರಾಬೆರಿ ಹೆಚ್ಚಿ ಹಾಕಿ, ಹುರಿದ ಶೇಂಗಾ ಕುಟ್ಟಿ ಉದುರಿಸಿದೆ. ಎಲ್ಲ ಸೇರಿ ಆರು ನಿಮಿಷ.

ಅವಳು ಎಡಗೈಯಲ್ಲಿ ಚಮಚ ಹಿಡಿದು ತಿನ್ನತೊಡಗಿದಳು. ಒಂದು ಅಗುಳೂ ಕೆಳಗೆ ಬೀಳಲಿಲ್ಲ. ನನಗೆ ಆಗ ಹೊಳೆಯಿತು. ಎಂಟು ದಿನ ಅವಳು ಉದುರುದುರಾದ ಉಪ್ಪಿಟ್ಟನ್ನು ಅಭ್ಯಾಸವಿಲ್ಲದ ಕೈಯಿಂದ ಬಾಯಿಗೆ ಒಯ್ಯಲಾಗದೆ ಅರ್ಧ ಮಡಿಲಿಗೆ ಚೆಲ್ಲಿಕೊಳ್ಳುತ್ತಿದ್ದಳು. ನಾನು ಎದುರಿಗೇ ಕುಳಿತು ಪೇಪರ್ ಓದುತ್ತಿದ್ದೆ. ಮೊಸರು ಚಮಚಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ನಾಚಿಕೆಯಾಯಿತು.

ಬಟ್ಟಲು ಬರಿದು ಮಾಡಿ ಅವಳು "ನಡೀತೈತಿ" ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅಲ್ಲಿಂದ ನನ್ನ ತಲೆ ನಿಲ್ಲಲಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹಣ್ಣು ಹೆಚ್ಚುವ ವಿಧಾನ ವಿವರಿಸಿದೆ. ಬ್ರೆಡ್ಡಿಗೆ ಹಾಲಿನ ಕೆನೆ ಸವರಿ ಸಕ್ಕರೆಯಲ್ಲಿ ಹೊರಳಿಸಿದ ಸ್ಟ್ರಾಬೆರಿ ಇಟ್ಟು ಕೊಟ್ಟೆ, ಅದೂ ನಡೆಯಿತು. ರವಿವಾರ ಮಗಳ ಮಾತು ಮೀರಿ ಒಲೆ ಹಚ್ಚಿದೆ. ತುಪ್ಪದಲ್ಲಿ ರವೆ ಹುರಿದು, ಸ್ಟ್ರಾಬೆರಿ ಕಿವುಚಿ ಹಾಕಿ, ಮೇಲೆ ಕುದಿಯುವ ಹಾಲು ಸುರಿದೆ. ಹುಳಿ ಹಣ್ಣಿಗೆ ಬಿಸಿ ಹಾಲು ಬಿದ್ದರೆ ಏನಾಗುತ್ತದೆ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಹಾಲು ಒಡೆಯಿತು. ಶಿರಾ ಎನ್ನಬೇಕಾದದ್ದು ಬೂದಿಗೆ ಗುಲಾಬಿ ಕಲಸಿದಂಥ ಬಣ್ಣ ತಾಳಿ, ಗಂಟುಗಂಟಾಗಿ ನೀರಿನಲ್ಲಿ ತೇಲಿತು.

ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು. ಪ್ಲಾಸ್ಟರಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಗತೊಡಗಿದಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಇದನ್ನ ಚೆಲ್ಲಬ್ಯಾಡ್ರಿ, ಹುಡುಗ್ರಿಗೆ ತೋರ್ಸಾಕ ಸಾಲಿಗೆ ಒಯ್ರಿ" ಎಂದಳು. ಕೆಟ್ಟದ್ದು ಕೆಟ್ಟಿತು, ಈ ನಗೆಯಾದರೂ ಬಂತಲ್ಲ ಎಂದುಕೊಂಡು ಪಾತ್ರೆ ತಿಕ್ಕಿದೆ.

ಗುರುವಾರ ಸಾಲಹಳ್ಳಿಯಿಂದ ಫೋನ್ ಬಂತು. ಮಾತಾಡಿದವರು ನನ್ನ ಹೆಂಡತಿಯ ಅಣ್ಣ. ಎತ್ತರದ ಆಳು, ಕಬ್ಬಿನ ಒಕ್ಕಲುತನ, ಮಾತು ಬಹಳ ಕಡಿಮೆ. ತಂಗಿ ಸೊರಗಿದ್ದಾಳೆಂದು ತಿಳಿಯಿತು, ರವಿವಾರ ಬಂದು ಕರಕೊಂಡು ಹೋಗುತ್ತೇವೆ ಎಂದರು. ಯಾರಿಂದ ತಿಳಿಯಿತು ಎಂದು ನಾನು ಹೆಂಡತಿಯನ್ನು ಕೇಳಿದೆ. ಅವಳು ಒಂದೇ ಕೈಯಿಂದ ಟವೆಲ್ ಮಡಚುವುದರಲ್ಲಿ ಮುಳುಗಿಬಿಟ್ಟಳು.

ನಾನು ಆಗಲೇ ನಿಶ್ಚಯ ಮಾಡಿದೆ. ಬೀಗರಿಗೆ ಸ್ಟ್ರಾಬೆರಿ ಶ್ರೀಖಂಡ ಉಣಿಸಿ ಅವರನ್ನಷ್ಟೇ ಕಳಿಸುವುದು, ಹೆಂಡತಿಯನ್ನಲ್ಲ.

ಶನಿವಾರ ಬೆಳಿಗ್ಗೆ ಎರಡು ಲೀಟರ್ ಹಾಲಿನ ಮೊಸರನ್ನು ನನ್ನ ಹೊಸ ಧೋತರದ ತುಂಡಿನಲ್ಲಿ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿ ಸಾಲಿಗೆ ಹೋದೆ. ಅರ್ಧ ದಿನದ ಸಾಲಿ ಮುಗಿಸಿ ಮಾರುಕಟ್ಟೆಗೆ ಬಂದರೆ ಸ್ಟ್ರಾಬೆರಿ ಗಾಡಿಯ ಮೇಲೆ ಕಲ್ಲಂಗಡಿ ಕೂತಿದ್ದವು. ಬಿಸಿಲಿಗೆ ತಡೆಯುವುದಿಲ್ಲ, ತರುವುದು ಬಿಟ್ಟೆ ಎಂದ ಗಾಡಿಯವನು. ಕಿತ್ತೂರು ಹೆದ್ದಾರಿಯ ಮೇಲಿನ ಊರಲ್ಲವೇ, ಸಿಕ್ಕೀತು ಎಂದು ಬೈಕ್ ಹತ್ತಿ ಅಲ್ಲಿಗೆ ಹೋದೆ. ಅಲ್ಲಿಯೂ ಇರಲಿಲ್ಲ. ಸ್ಟ್ರಾಬೆರಿಯ ಚಿತ್ರವಿರುವ ಬಿಸ್ಕೀಟು ಮಾತ್ರ ಬೇಕಾದಷ್ಟಿತ್ತು.

ಸಂಪಗಾಂವದ ಮೇಲಿಂದ ಸಪ್ಪಗೆ ಮರಳುವಾಗ ರಸ್ತೆಯ ಬದಿಗೆ ಹಿಪ್ಪುನೇರಳೆಯ ತೋಟ ಕಂಡಿತು. ಬದುವಿನ ಮೇಲೆ ಕತ್ತರಿಸದೆ ಬಿಟ್ಟಿದ್ದ ನಾಲ್ಕು ಗಿಡಗಳಲ್ಲಿ ಕಪ್ಪು ಹಣ್ಣು ಜೋತಾಡುತ್ತಿದ್ದವು. ಬೈಕ್ ನಿಲ್ಲಿಸಿ ತೋಟದವರನ್ನು ಕೇಳಿದೆ. ನನಗಿಂತ ಹಿರಿಯರು, ತಲೆಗೆ ಟವೆಲ್ ಸುತ್ತಿದ್ದರು.

"ಎಲಿ ಬೇಕಾಗಿತ್ತೇನ್ರಿ?"

"ಇಲ್ರಿ, ಹಣ್ಣು."

ರೇಷ್ಮೆ ಹುಳಕ್ಕೆ ಎಲೆ ಕೇಳಿ ಬರುವವರಿದ್ದಾರೆ, ಹಣ್ಣನ್ನು ಗುಬ್ಬಿಗಳ ಹೊರತು ಯಾರೂ ಕೇಳಿಲ್ಲ ಎಂದರು. ನಾನು ಮಾಸ್ತರ ಎಂದು ತಿಳಿದ ಮೇಲೆ, ಪ್ರಯೋಗಕ್ಕಿರಬೇಕು ಎಂದು ತಾವೇ ತೀರ್ಮಾನಿಸಿದರು. ಶ್ರೀಖಂಡಕ್ಕೆ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಎತ್ತರದ ಟೊಂಗೆ ಬಗ್ಗಿಸಿ ಹಿಡಿದರು. ಪಾತ್ರೆ ಇರಲಿಲ್ಲವಾಗಿ ಹೆಲ್ಮೆಟ್ಟಿನಲ್ಲೇ ಕಿತ್ತು ತುಂಬಿದೆ. ಹೊರಡುವಾಗ ಅವರು ಒಂದು ಚೀಲ ಕೊಟ್ಟರು. ಹಣ್ಣನ್ನು ಅದಕ್ಕೆ ಸುರಿದು ಹೆಲ್ಮೆಟ್ ತಲೆಗೆ ಹಾಕಿಕೊಂಡೆ.

ಮನೆಯ ಬಾಗಿಲಲ್ಲಿ ಹೆಲ್ಮೆಟ್ ತೆಗೆದಾಗ ನನ್ನ ಹೆಂಡತಿಯ ಮುಖ ಬಿಳಿಚಿಹೋಯಿತು. ಹಣೆಯಿಂದ ಕಿವಿಯ ಮೇಲೆ, ಅಲ್ಲಿಂದ ಕಾಲರಿನವರೆಗೆ ಕಡುಗೆಂಪು ರಸ ಇಳಿದಿತ್ತು. ನಾನು ಬಿದ್ದು ಬಂದಿದ್ದೇನೆಂದೇ ಅವಳು ತಿಳಿದಳು. ಹಣ್ಣಿನ ಚೀಲ ತೋರಿಸಿದ ಮೇಲೆ ಗೋಡೆ ಹಿಡಿದು ಕುಳಿತಳು.

"ನನ್ನ ಕೈ ಮುರದದ್ದು ಸಾಲಲಿಲ್ಲೇನ್ರಿ" ಎಂದಳು. "ನಿಮ್ಮ ತಲಿನೂ ಒಡದ್ರ ನಾಷ್ಟಾ ಯಾರ ಮಾಡಾವ್ರು?"

ನಾಷ್ಟಾದ ವಿಷಯದಲ್ಲಿ ಅವಳು ನನ್ನನ್ನು ಇಷ್ಟು ನೆಚ್ಚಿಕೊಂಡದ್ದು ಕೇಳಿ ನನಗೆ ಹೆಮ್ಮೆಯೇ ಆಯಿತು.

ರವಿವಾರ ಬೆಳಿಗ್ಗೆ ಮೊಸರಿನ ಗಂಟು ಬಿಚ್ಚಿದೆ. ನೀರೆಲ್ಲ ಬಸಿದು ಉಳಿದ ಕೆನೆಯಂಥ ಚಕ್ಕಾ, ನೋಡಿದರೆ ಕಣ್ಣು ತಣಿಯುವಂತಿತ್ತು. ಸಕ್ಕರೆ, ಏಲಕ್ಕಿ ಹಾಕಿ, ಕಿವುಚಿದ ಹಣ್ಣನ್ನು ರಸದ ಸಮೇತ ಒಮ್ಮೆಲೇ ಸುರಿದು ತಿರುವಿದೆ. ಐದೇ ನಿಮಿಷದಲ್ಲಿ ಅದು ನೇರಳೆ ಬಣ್ಣದ ಸಾರಾಯಿತು. ಮೊಸರು ಒಂದು ದಿನ ಪಟ್ಟು ಹಿಡಿದು ಬಿಟ್ಟ ನೀರನ್ನೆಲ್ಲ ನಾನು ಹಣ್ಣಿನ ರೂಪದಲ್ಲಿ ವಾಪಸು ಕೊಟ್ಟಿದ್ದೆ. ಫ್ರಿಜ್ಜಿನಲ್ಲಿಟ್ಟು ದೇವರ ಮೇಲೆ ಭಾರ ಹಾಕಿದೆ.

ಸವದತ್ತಿ ಮೇಲಿಂದ ಅಣ್ಣ, ಅವರ ಹೆಂಡತಿ ವೈನಿ ಇಬ್ಬರೂ ಹನ್ನೊಂದಕ್ಕೆ ಬಂದಿಳಿದರು. ನನ್ನ ಮೇಲಿನ ವಿಶ್ವಾಸದಿಂದ ವೈನಿ ಎರಡು ದಿನಕ್ಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಖಾನಾವಳಿಯಿಂದ ತಂದ ಪುರಿಯ ಜೊತೆ ಶ್ರೀಖಂಡ ಬಡಿಸಿದೆ. ಅದು ತಾಟಿನಲ್ಲಿ ನಿಲ್ಲದೆ ಪುರಿಯ ಸುತ್ತ ಹರಿಯಿತು. ವೈನಿ ಬಹಳ ಹೊತ್ತು ನೋಡಿ, ಈ ಬಣ್ಣದ ಕುಬಸದ ಖಣ ತಮ್ಮ ಹತ್ತಿರ ಇದೆ ಎಂದರು. ತಿನ್ನುವ ಪದಾರ್ಥದ ಬಗ್ಗೆ ಅವರಿಗೆ ಹೇಳಲು ಸಿಕ್ಕ ಒಳ್ಳೆಯ ಮಾತು ಅದೇ ಇರಬೇಕು.

ಅಣ್ಣ ಪುರಿ ಅದ್ದಿ ಎತ್ತುವಷ್ಟರಲ್ಲಿ ಒಂದು ದೊಡ್ಡ ಹನಿ ಅವರ ಬಿಳಿ ಅಂಗಿಯ ಮೇಲೆ ಬಿತ್ತು.

"ಮಾಸ್ತರ್ರ, ಇದು ಹೋಗ್ತೈತೇನ್ರಿ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. "ಇಲ್ರಿ" ಎಂದೆ.

ಅವರು ಕಲೆಯನ್ನು ಇನ್ನೊಮ್ಮೆ ನೋಡಿಕೊಂಡರು. ಇನ್ನು ಅಂಗಿ ಕಾಯುವ ಕೆಲಸ ಉಳಿಯಲಿಲ್ಲ ಎಂಬಂತೆ ಸಡಿಲಾಗಿ ಕುಳಿತು, ಪುರಿ ಬದಿಗಿಟ್ಟು, ಒಂದು ವಾಟಗಾ ಕೊಡಿ ಎಂದು ಬಟ್ಟಲು ಇಸಿದುಕೊಂಡರು. ಶ್ರೀಖಂಡವನ್ನು ಮಜ್ಜಿಗೆಯಂತೆ ಕುಡಿದರು. ಮೂರು ಸಲ ಹಾಕಿಸಿಕೊಂಡರು. ಮೀಸೆ ನೇರಳೆಯಾಯಿತು. ಯಾರೂ ಹೇಳಲಿಲ್ಲ.

ಕೈ ತೊಳೆದು ಬಂದು ತಂಗಿಯನ್ನು, ಹೊರಡೋಣವೇ ಎಂದು ಕೇಳಿದರು.

"ಇಲ್ಲಣ್ಣಾ, ನಾ ಇಲ್ಲೇ ಇರ್ತೇನಿ. ಅವತ್ತ ಫೋನ್ ಮಾಡಿದಾಗ ಉಪ್ಪಿಟ್ಟಿನ ಸಿಟ್ಟಿತ್ತು. ಈಗ ಹಂಗಿಲ್ಲ. ನಾಳೆ ಏನ್ ಮಾಡ್ತಾರಂತ ನೋಡೂದರಾಗ ಹೊತ್ತು ಹೋಗ್ತೈತಿ."

ಹಾಗೆ ತಿಳಿಯಿತು, ಫೋನ್ ಮಾಡಿದ್ದು ಅವಳೇ ಎಂದು. ನಾನು ಅವಳ ಮುಖ ನೋಡಿದೆ. ಅವಳು ವೈನಿಯ ಮುಖ ನೋಡಿದಳು. ವೈನಿ ಆಗ ಮೆಲ್ಲಗೆ ಒಂದು ಹಳೆಯ ಸಂಗತಿ ತೆಗೆದರು. ತಮ್ಮ ಪಿತ್ತಕೋಶದ ಆಪರೇಷನ್ ಆಗಿ ಮನೆಗೆ ಬಂದಾಗ, ಅಣ್ಣ ಹತ್ತು ದಿನ ಹೋಟೆಲಿನಿಂದ ಚುರುಮರಿ, ಭಜಿ ತಂದುಕೊಟ್ಟರಂತೆ. ಡಾಕ್ಟರು ಎಣ್ಣೆ ಮುಟ್ಟಬೇಡಿ ಎಂದಿದ್ದರೂ ಭಜಿ ಬಂತಂತೆ. ಅಣ್ಣ ತಲೆಯೆತ್ತಿ ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡುತ್ತಿದ್ದರು.

ಬಸ್ಸಿಗೆ ಬಿಡಲು ಹೋದಾಗ ಅವರು ನನ್ನನ್ನು ನಾಲ್ಕು ಹೆಜ್ಜೆ ಆಚೆಗೆ ಕರೆದರು. ಕೈ ಮುರಿದವರು ಚಮಚದಲ್ಲಿ ತಿನ್ನುವಂಥ, ತಂಗಿ ಹೇಳಿದ ಆ ನಾಷ್ಟಾ ಹೇಗೆ ಮಾಡಿದಿರಿ ಎಂದು ಕೇಳಿದರು. ಹೇಳಿದೆ. "ಒಲಿ ಹಚ್ಚೂದಿಲ್ಲಲ್ಲಾ?" ಎಂದು ಎರಡು ಸಲ ಖಾತ್ರಿ ಮಾಡಿಕೊಂಡು ಬಸ್ ಹತ್ತಿದರು.

ಏಪ್ರಿಲ್ಲಿನಲ್ಲಿ ಪ್ಲಾಸ್ಟರ್ ಬಿಚ್ಚಿದರು. ಅವಳು ಮರುದಿನವೇ ಅಡಿಗೆಮನೆಯನ್ನು ಮರಳಿ ವಶಪಡಿಸಿಕೊಂಡು, ನಾನು ಇಟ್ಟ ಡಬ್ಬಿಗಳನ್ನೆಲ್ಲ ಅವುಗಳ ಸ್ವಂತ ಜಾಗಕ್ಕೆ ಕಳಿಸಿದಳು. ರವಿವಾರದ ನಾಷ್ಟಾ ಮಾತ್ರ ನನಗೇ ಬಿಟ್ಟಳು.

ಮೇ ತಿಂಗಳಲ್ಲಿ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು ಓಣಿಯಲ್ಲಿ ಮುಳ್ಳುಕಂಟಿಯ ಹುಳಿ ಕವಳಿ ಹಣ್ಣು ಮಾರಲು ಬಂದಳು. ನಾಲ್ಕು ಮಾಪು ಕೊಂಡೆವು. ಹೆಂಡತಿ ಹೊಸ್ತಿಲ ಮೇಲೆ ಕುಳಿತು ಎರಡೂ ಕೈಯಿಂದ ಬೀಜ ಬಿಡಿಸಿದಳು. ಬೆರಳಿಗೆಲ್ಲ ಅಂಟು ಹಾಲು ಮೆತ್ತಿತು. ನಾನು ಬೆಲ್ಲ ಹಾಕಿ ಒಲೆಯ ಮೇಲೆ ಕೈಯಾಡಿಸುತ್ತ ನಿಂತೆ. ಸಣ್ಣ ಉರಿ ಇಡಿ ಎಂದು ಅವಳು ಅಲ್ಲಿಂದಲೇ ಹೇಳುತ್ತಿದ್ದಳು, ಇಟ್ಟಿದ್ದೇನೆ ಎಂದು ನಾನು ಇಲ್ಲಿಂದಲೇ ಹೇಳುತ್ತ ಆಮೇಲೆ ಸಣ್ಣಗೆ ಮಾಡುತ್ತಿದ್ದೆ. ಮೂರು ಬಾಟಲಿ ಮುರಬ್ಬಾ ಆಯಿತು. ಒಂದು ಮಗಳಿಗೆ, ಒಂದು ಸಾಲಹಳ್ಳಿಗೆ. ಮೂರನೆಯದು ಆರುವುದರೊಳಗೆ ಖಾಲಿಯಾಯಿತು. ಬಿಸಿ ರೊಟ್ಟಿಗೆ ಸವರಿಕೊಂಡು ಇಬ್ಬರೂ ಒಲೆಕಟ್ಟೆಯ ಹತ್ತಿರ ನಿಂತೇ ತಿಂದೆವು.