ಲಾರಿ ಮಾಯ ಮಾಡಿದವರ ಹಸೆಗೋಡೆ

ಬೆಳಕು ಇನ್ನೂ ಹೊನ್ನೆಮರಡಿನ ಹಿನ್ನೀರು ದಾಟಿಲ್ಲ. ಕನ್ನಪ್ಪ ಆಗಲೇ ಗೋಡೆಯ ಎದುರು ಕುಕ್ಕರಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿದಿದ್ದಾರೆ. ಎಡಗೈಯ ಚಿಪ್ಪಿನಲ್ಲಿ ಅರೆದ ಅಕ್ಕಿಯ ಬಿಳಿ, ಬಲಗೈಯಲ್ಲಿ ಪುಂಡಿ ನಾರಿನ ಕುಂಚ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಎಳೆ ಇಳಿಯುತ್ತಿದೆ. ಎಷ್ಟು ನೇರ ಎಂದರೆ, ಜೋಗದ ನೀರು ಇದನ್ನು ನೋಡಿದರೆ ನಾಚಿ ಒಂದು ದಿನ ರಜೆ ಹಾಕೀತು. ಉತ್ಪ್ರೇಕ್ಷೆ ಎನ್ನಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಗೋಡೆಗಳನ್ನೆಲ್ಲ ನೋಡಿ ಮುಗಿಸಿ, ನೋಡಲು ಇನ್ನು ಗೋಡೆ ಉಳಿಯದೆ ಹೇಳುತ್ತಿರುವ ಮಾತಿದು.

ಹಿಂದೆ ಕುರ್ಚಿಯಲ್ಲಿ ಅವರ ತಾಯಿ ಕೆರಿಯಮ್ಮ ಕೂತಿದ್ದಾರೆ. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಹೆಂಗಸರು ಬರೆಯುವ ಚಿತ್ತಾರವೇ ಹಸೆ. ಈ ಕೇರಿಯ ಮದುವೆಗಳಿಗೆಲ್ಲ ಅದನ್ನು ಬರೆದ ಕೈ ಇವರದು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದ ಮೇಲೆ ಆ ಕೈ ನಡುಗುತ್ತದೆ. ಇವತ್ತು ಮೊಮ್ಮಗಳು, ಕನ್ನಪ್ಪನವರ ತಮ್ಮನ ಮಗಳು ತನುಜಾಳ ಮದುವೆ. ತೀರ್ಥಹಳ್ಳಿಯಿಂದ ದಿಬ್ಬಣ ಬರುವಷ್ಟರಲ್ಲಿ ಗೋಡೆ ತುಂಬಬೇಕು. ಇಲ್ಲದಿದ್ದರೆ ಮದುಮಗಳ ಅಣ್ಣ ನಿರಂಜನ ಸಾಗರದಲ್ಲಿ ಮಾಡಿಸಿ ತಂದ ಫ್ಲೆಕ್ಸ್ ಸುರುಳಿ ಜಗಲಿಯಲ್ಲಿ ಸಿದ್ಧವಾಗಿದೆ: ಹಸೆಯದೇ ಫೋಟೊ, ಅಂಚಿನಲ್ಲಿ ಅಂಗಡಿಯ ಮೊಬೈಲ್ ನಂಬರ್.

"ಒಂದ್ ಎಳೆ ಕೆಟ್ರೂ ಕುಂಚ ಕಿತ್ಕಂಡು ಆ ಪ್ಲಾಸ್ಟಿಕ್ಕೇ ಕಟ್ಟಿಸ್ತೀನಿ, ತಿಳ್ಕಾ," ಎನ್ನುತ್ತಾರೆ ಕೆರಿಯಮ್ಮ.

"ಆತು ಅವ್ವಾ, ಉಸ್ರಾಡಕ್ ಬಿಡು," ಎನ್ನುತ್ತಾರೆ ಅರವತ್ತು ದಾಟಿದ ಮಗ.

ಅವ್ವನ ಅಪನಂಬಿಕೆಗೆ ಕಾರಣವಿದೆ. ಚಿಕ್ಕವನಿದ್ದಾಗ ಕನ್ನಪ್ಪ ಅವ್ವ ಬರೆದದ್ದನ್ನೆಲ್ಲ ಸಗಣಿ ಸಾರಿಸಿದ ನೆಲದ ಮೇಲೆ ಬರೆಯುತ್ತಿದ್ದ. "ಹೆಂಗಸ್ರ ಕೆಲ್ಸ, ಏಳಾ" ಎಂದು ಗದರಿದರೆ ಎಮ್ಮೆಯ ಬೆನ್ನಿನ ಮೇಲೆ ಬರೆಯುತ್ತಿದ್ದ. ಆ ಎಮ್ಮೆ ಚಿತ್ತಾರ ಹೊತ್ತು ಹೊರಟರೆ ಊರಿನ ಉಳಿದ ಎಮ್ಮೆಗಳು ಎದ್ದು ನಿಂತು ದಾರಿ ಬಿಡುತ್ತಿದ್ದವು.

ಶಿವಮೊಗ್ಗದಲ್ಲಿ ಸೇನೆಯ ಭರ್ತಿಯ ಓಟ ಗೆದ್ದು ಸೈನಿಕನಾದ ಮೇಲೆ ಬಂದೂಕಿಗಿಂತ ಬ್ರಶ್ಶೇ ಹೆಚ್ಚು ಹೊತ್ತು ಕೈಯಲ್ಲಿತ್ತು. ತರಬೇತಿಯ ಚಾರ್ಟು, ಮರಳಿನಲ್ಲಿ ಮಾಡುವ ಗುಡ್ಡದ ಮಾದರಿ, ಬೋರ್ಡು. ಒಂದು ದಿನ ಮರುಭೂಮಿಯಲ್ಲಿ ಲಾರಿಯೊಂದನ್ನು ಒಪ್ಪಿಸಿ, ಶತ್ರುವಿಗೆ ಕಾಣದಂತೆ ಬಣ್ಣ ಬಳಿ ಎಂದರು. ಹುಡುಗ ಅವ್ವನಿಂದ ಕಲಿತದ್ದನ್ನೆಲ್ಲ ಸುರಿದ. ಬಣ್ಣವೇನೋ ಮರಳಿನದೇ, ಆದರೆ ಎಳೆಗೆ ಎಳೆ, ಮೂಲೆಗೆ ಮೂಲೆ, ಹಸೆಯ ಅಚ್ಚುಕಟ್ಟು.

"ಸುಬೇದಾರ್ ಸಾಹೇಬ್ರು ದಿಬ್ಬ ಹತ್ತಿ ನೋಡಿದ್ರು. ಬೇರೆ ಲಾರಿ ಒಂದೂ ಕಾಣ್ಲಿಲ್ಲ, ನಂದೊಂದೇ ಕಂಡಿದ್ದು. 'ಯಾರ್ ಮದ್ವೆಗೆ ಹೊರಟಿದೀಯಪ್ಪಾ' ಅಂದ್ರು. ಅದನ್ನ ಉಜ್ಜಿ ತೆಗಿಯೋ ಅಷ್ಟೊತ್ತಿಗೆ ಕೈ ಚರ್ಮ ಹೋತು!" ಎಂದು ಕನ್ನಪ್ಪ ನನಗೆ ಹೇಳುತ್ತಾರೆ.

ಆಮೇಲೆ ಕಲಿತರು. ಎಳೆ ಮುರಿಯುವುದು, ಅಂಚು ಕರಗಿಸುವುದು. ಕೊನೆಕೊನೆಗೆ ಇವರು ಬಳಿದ ಲಾರಿಯನ್ನು ಡ್ರೈವರೇ ತಡಕಾಡಿ ಹತ್ತಬೇಕಿತ್ತು. ಅದರಲ್ಲೊಂದು ಇವತ್ತಿಗೂ ಸಿಕ್ಕಿಲ್ಲ ಎಂದು ನಾನು ಸೇರಿಸಿದರೆ ಕನ್ನಪ್ಪ ಕುಂಚ ಹಿಡಿದೇ ಕೈಮುಗಿಯುತ್ತಾರೆ: "ಸುಳ್ಳು ಬರೀಬೇಡಿ ಮಾರಾಯ್ರೆ, ಪೆನ್ಶನ್ ನಿಲ್ಲಿಸ್ಯಾರು."

ನಿವೃತ್ತರಾಗಿ ಬಂದಾಗ ಕೊನೆಯ ತಂಗಿಯ ಮದುವೆ. ಸೇನೆಯ ಬಣ್ಣದ ಕೆಲಸ ಕೇಳಿ ಮೆಚ್ಚಿ ಅವ್ವನೇ ಕುಂಚ ಕೊಟ್ಟರು. ಕೈಗೆ ಅಂಟಿದ್ದು ಸೇನೆಯ ಅಭ್ಯಾಸ. ಚಿತ್ತಾರದಲ್ಲಿ ಮದುಮಕ್ಕಳು ಕೂರುವ ಪಲ್ಲಕ್ಕಿ, ಆ ದಂಡಿಗೆಯ ಎಳೆ ಅರ್ಧಕ್ಕೇ ತುಂಡಾಯಿತು, ಅಂಚೆಲ್ಲ ಕೆಮ್ಮಣ್ಣಿನಲ್ಲಿ ಕರಗಿತು. "ಮದುಮಗನ್ನ ಎಲ್ಲಿ ಅಡಗಿಸ್ಯಾ?" ಎಂದು ಕೆರಿಯಮ್ಮ ದಿಬ್ಬಣದ ಎದುರೇ ಕೇಳಿದರು. ಅಂದಿನಿಂದ ಮನೆಯ ಗೋಡೆ ಮುಟ್ಟಲು ಬಿಟ್ಟಿಲ್ಲ. ಕನ್ನಪ್ಪ ಅಂಗಡಿ ಬೋರ್ಡು, ಆಟೊ ಬೆನ್ನು, ಶಾಲೆ ಗೋಡೆಯ ನಕ್ಷೆ ಬರೆಯುತ್ತಾ ಬಂದರು. ತುಮರಿಯಿಂದ ಹೊಸನಗರದವರೆಗೆ ಇವರ ಅಕ್ಷರ ಓದದೆ ಟೀ ಕುಡಿದ ನರಪ್ರಾಣಿಯಿಲ್ಲ. ಬರೆದವರು ಯಾರೆಂದು ಕೇಳಿದವರೂ ಇಲ್ಲ.

ಬಿಸಿಲು ಜಗಲಿ ಹತ್ತುತ್ತದೆ. ದಂಡಿಗೆಯ ಬಳಿ ಬಂದಾಗ ಕನ್ನಪ್ಪನವರ ಕೈ ನಿಲ್ಲುತ್ತದೆ. ಎಳೆ ಮುರಿಯಲು ಬೆರಳು ತಾನಾಗಿಯೇ ಹೊರಳುತ್ತಿದೆ. ನಿರಂಜನ ಮೆಲ್ಲಗೆ ಫ್ಲೆಕ್ಸ್ ಸುರುಳಿಯ ದಾರ ಬಿಚ್ಚುತ್ತಾನೆ.

ಕೆರಿಯಮ್ಮ ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಳ್ಳುತ್ತಾರೆ. "ಯುದ್ಧ ಮುಗೀತು, ತಮಾ. ಇಲ್ಲಿ ಯಾರೂ ಬಾಂಬ್ ಹಾಕಕ್ ಬರಲ್ಲ. ಕಾಣೋ ಹಂಗೆ ಎಳಿ."

ಎಳೆ ಈ ಮೂಲೆಯಿಂದ ಆ ಮೂಲೆಗೆ ತಡೆಯಿಲ್ಲದೆ ಹೋಗುತ್ತದೆ. ದಂಡಿಗೆಯೊಳಗೆ ಮದುಮಗ ಎದ್ದು ಕೂರುತ್ತಾನೆ, ಪಕ್ಕದಲ್ಲಿ ಮದುಮಗಳು. ಕೆರಿಯಮ್ಮ ಮೂಗು ತಾಗುವಷ್ಟು ಹತ್ತಿರದಿಂದ ಗೋಡೆಯ ಉದ್ದಕ್ಕೂ ನೋಡಿಕೊಂಡು ಬಂದು ಮೊಮ್ಮಗನ ಕಡೆ ತಿರುಗುತ್ತಾರೆ. "ಅದನ್ನ ತಗಂಡೋಗಿ ಸೌದೆ ಮೇಲೆ ಮುಚ್ಚಾ. ಮೋಡ ಆಗೈತೆ."

ಕನ್ನಪ್ಪ ಪಕ್ಕದ ಬರೀ ಕೆಮ್ಮಣ್ಣಿನ ಗೋಡೆಗೆ ಒರಗಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಅಷ್ಟು ವರ್ಷ ಕಾಣದಂಗೆ ಬಳ್ದೆ ನೋಡಿ. ಒಂದ್ಸಲ ಯಾರಾದ್ರೂ ನಿಂತು, ಇದ್ಯಾರು ಬರ್ದಿದ್ದು ಅಂತ ಕೇಳಿದ್ರೆ ಸಾಕು."

ದಿಬ್ಬಣ ಬರುತ್ತದೆ. ಒಳಗೆ ಕಾಲಿಟ್ಟ ಮದುಮಗನ ಸೋದರತ್ತೆ ಗೋಡೆಯೆದುರು ನಿಂತೇಬಿಡುತ್ತಾರೆ. "ಅಬ್ಬಬ್ಬಾ! ಯಾರ್ರೇ ಇದು ಬರ್ದಿದ್ದು?" ಅತ್ತ ನೋಡುತ್ತಾರೆ, ಇತ್ತ ನೋಡುತ್ತಾರೆ. ತಲೆಯಿಂದ ಪಾದದವರೆಗೆ ಕೆಮ್ಮಣ್ಣು ಮೆತ್ತಿ, ಮೇಲೆ ಅಕ್ಕಿಯ ಬಿಳಿ ಚುಕ್ಕೆ ಸಿಡಿದು, ಕನ್ನಪ್ಪ ಆಕೆಯಿಂದ ಒಂದು ಮಾರು ದೂರದಲ್ಲೇ ಇದ್ದಾರೆ. ಆಕೆಗೆ ಕಾಣುತ್ತಿಲ್ಲ.

"ಕಣ್ ಬಿಟ್ಟು ನೋಡ್ರೇ," ಎನ್ನುತ್ತಾರೆ ಕೆರಿಯಮ್ಮ. "ಗೋಡೆಗೆ ಒರಗಿ ನಿಂತಾನಲ್ಲ, ನನ್ ಮಗ."