ಅಕ್ಕ ಬ್ರೇಕ್ ಸರಿಮಾಡಿದ ಆದಿತ್ಯವಾರ

ನಾನು ಚಿಕ್ಕವಳಿದ್ದಾಗ, ಡೊಂಬಿವಲಿಯ ನಮ್ಮ ಚಾಳಿನ ಮೆಟ್ಟಿಲ ಕೆಳಗೆ ಅಕ್ಕನ ಸೈಕಲ್ ನಿಲ್ಲುತ್ತಿತ್ತು. ಬೆಳಿಗ್ಗೆ ಹೊಲಿಗೆ ಕ್ಲಾಸಿಗೆ, ಅಲ್ಲಿಂದ ಕಾಲೇಜಿಗೆ ಅವಳು ಅದರಲ್ಲೇ ಹೋಗುತ್ತಿದ್ದಳು. ಒಂದು ದಿನ ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಿದ್ದು, ಮೊಣಕೈ ತರಚಿಕೊಂಡು ಬಂದಳು. ಅಂಬರನಾಥದ ಕಾರ್ಖಾನೆಯಿಂದ ಮರಳಿದ ಅಪ್ಪ ಗಾಯ ನೋಡಿ, ಸೈಕಲ್ ಮಾರಿಬಿಡುವುದೇ ಒಳ್ಳೆಯದು ಎಂದರು. ನಡೆದು ಎರಡೂ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟುವಂತಿರಲಿಲ್ಲ. ಮಾರಿದರೆ ಹೊಲಿಗೆ ಕ್ಲಾಸ್ ಬಿಡಲೇಬೇಕಿತ್ತು.

“ಒಂದು ಆದಿತ್ಯವಾರ ಕೊಡಿ ಅಪ್ಪ. ನಾನೇ ಸರಿ ಮಾಡ್ತೇನೆ. ಆಗದಿದ್ರೆ ಮಾರಿ,” ಎಂದಳು ಅಕ್ಕ.

ಮನೆಯಲ್ಲಿದ್ದ ಹಳೆಯ ಪಾನಾ, ಅಂದರೆ ಸ್ಪ್ಯಾನರ್, ನಟ್ಟಿನ ಮೇಲೆ ಜಾರುತ್ತಿತ್ತು. ಹೇಗೋ ಒಂದು ನಟ್ಟು ಬಿಚ್ಚಿ, ಕರವಸ್ತ್ರದಲ್ಲಿ ಕಟ್ಟಿಕೊಂಡು, ಅಕ್ಕ ನನ್ನನ್ನು ಕಲ್ಯಾಣದ ಪೇಟೆಗೆ ಕರೆದೊಯ್ದಳು. ಅಂಗಡಿಯವರು ಹೊಳೆಯುವ ದೊಡ್ಡ ಸೆಟ್ ತೋರಿಸಿದರು. ಅವಳು ಒಂದೊಂದೇ ಪಾನಾಕ್ಕೆ ನಟ್ಟು ಸಿಕ್ಕಿಸಿ ನೋಡಿ, ಅಲುಗಾಡದೆ ಕೂತದ್ದನ್ನು ಮಾತ್ರ ಆರಿಸಿದಳು. ಜೊತೆಗೆ ಬ್ರೇಕಿನ ಹೊಸ ರಬ್ಬರ್ ತೆಗೆದುಕೊಂಡಳು. ಟ್ರೇನಿನಲ್ಲಿ ಪೊಟ್ಟಣ ಹಿಡಿದಿದ್ದ ನನ್ನ ಕೈಗೆಲ್ಲ ಎಣ್ಣೆ, ಕಬ್ಬಿಣದ ವಾಸನೆ.

ಹೇಳಿಕೊಡುವವರು ಯಾರೂ ಇರಲಿಲ್ಲ. ಅಕ್ಕ ಪಕ್ಕದ ಮನೆಯವರ ಅಂಥದ್ದೇ ಸೈಕಲನ್ನು ಕೇಳಿ ತಂದು ನಮ್ಮದರ ಪಕ್ಕ ನಿಲ್ಲಿಸಿದಳು. ಅದನ್ನು ನೋಡುತ್ತ ಇದನ್ನು ಬಿಚ್ಚಿದಳು. ನಡುವೆ ಅವಳ ಕೈ ನಿಂತಿತು. ಬ್ರೇಕಿನ ರಬ್ಬರ್ ಕೂರುವ ಪುಟ್ಟ ತಗಡಿನ ಗೂಡಿಗೆ ಒಂದು ಬದಿ ತೆರೆದಿರುತ್ತದೆ. ಅವರ ಸೈಕಲಿನಲ್ಲಿ ಆ ಬದಿ ಹಿಂದಕ್ಕಿತ್ತು, ನಮ್ಮದರಲ್ಲಿ ಮುಂದಕ್ಕೆ. ಬ್ರೇಕ್ ಒತ್ತಿದಾಗ ಓಡುವ ಚಕ್ರ ರಬ್ಬರನ್ನು ಹೊರಗೆಳೆದು ಬೀಳಿಸಿತ್ತು. ಹಿಂದೊಮ್ಮೆ ರಬ್ಬರ್ ಬದಲಿಸುವಾಗ ಅದನ್ನು ಹಾಗೆ ಕೂರಿಸಿದ್ದವರು ಅಪ್ಪ.

ಚಹಾ ಹಿಡಿದು ಬಂದ ಅಪ್ಪ ಕುಕ್ಕರಗಾಲಲ್ಲಿ ಕೂತು ಎರಡೂ ಸೈಕಲ್‌ಗಳನ್ನು ಬಹಳ ಹೊತ್ತು ನೋಡಿದರು.

“ನಾನೇ ತಿರುಗಿಸಿ ಹಾಕಿದ್ದು ಮಾರಾಯ್ತಿ,” ಎಂದರು.

ಅಕ್ಕ ಹೊಸ ರಬ್ಬರ್ ಸರಿಯಾಗಿ ಕೂರಿಸಿ ನಟ್ಟು ಬಿಗಿದಳು. ಸಂಜೆ ಸೇತುವೆಯ ಮೇಲೆ ಅವಳ ಕೈಯಿಂದ ಸೈಕಲ್ ತೆಗೆದುಕೊಂಡು, ನಮ್ಮನ್ನು ಅಲ್ಲೇ ನಿಲ್ಲಿಸಿ, ಅಪ್ಪ ತಾವೇ ಇಳಿಜಾರಿನಲ್ಲಿ ಹೋದರು. ಬ್ರೇಕ್ ಹಿಡಿಯಿತು. ಮರುದಿನ ಅಕ್ಕ ಕ್ಲಾಸಿಗೆ ಹೋದಳು.

ಈಗ ಮಕ್ಕಳೇ, ನೀವಿಬ್ಬರು ಕಾಮೋಠೆಯ ಫ್ಲ್ಯಾಟಿನಲ್ಲಿ ಗೇರ್ ಸೈಕಲನ್ನು ಮಗುಚಿಟ್ಟು, ಮೊಬೈಲಿನ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತೀರಿ. ನಿಮ್ಮ ಪೆಟ್ಟಿಗೆಯಲ್ಲಿ ನನಗೆ ಹೆಸರೇ ಗೊತ್ತಿಲ್ಲದ ಸಾಮಾನುಗಳಿವೆ. ಸರಿಯಾದ ಕೂಡಲೇ ‘ಪೆಹಲೇ ಮೈಂ’, ಮೊದಲು ನಾನು, ಎಂದು ಇಬ್ಬರೂ ಹಿಂದಿಯಲ್ಲಿ ಜಗಳಕ್ಕೆ ನಿಲ್ಲುತ್ತೀರಿ. ಆ ಸಂಜೆ ನಮ್ಮಲ್ಲಿ ಆ ಜಗಳವಿರಲಿಲ್ಲ. ಮೊದಲು ಹತ್ತಿದವರು ಅಪ್ಪ.