ಕರಿ ಮರಳಿನ ಮೇಲೆ ಎರಡು ಟವೆಲ್

ಅಮೆರಿಕದ ರಾಲಿಯಲ್ಲಿರುವ ಮಗಳು ಸುಮಾ, ಮೊಮ್ಮಗಳು ಅನಘಾ ನನ್ನನ್ನೂ ಕಟ್ಟಿಕೊಂಡು ಗ್ರೀಸ್ ದೇಶದ ಸಾಂಟೊರಿನಿ ದ್ವೀಪಕ್ಕೆ ಬಂದಿದ್ದಾರೆ. ಜ್ವಾಲಾಮುಖಿ ಉಗುಳಿದ ಕಲ್ಲು ಪುಡಿಯಾಗಿ ಇಲ್ಲಿನ ಕಡಲತೀರ ಕರಿಎಳ್ಳು ಹರವಿದ ಹಾಗಿದೆ. ಸಮುದ್ರ ಕಂಡದ್ದೇ ಚಪ್ಪಲಿ ಬಿಟ್ಟೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಕಾದ ಕಾವಲಿಯ ಮೇಲೆ ನಿಂತಂತಾಯಿತು.

"ಅಮ್ಮಾ, ಚಪ್ಪಲಿ ಹಾಕ್ಕೊಳ್ಳಮ್ಮ!" ಎಂದಳು ಸುಮಾ.

"ಗಂಗಮ್ಮನ ಹತ್ರ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನೇ?"

"ಇದು ಗ್ರೀಸ್ ಕಣಮ್ಮ."

"ನಾನು ಇಷ್ಟು ದೂರ ಬರಬಹುದು, ಗಂಗಮ್ಮ ಬರಬಾರದಾ?"

ಮಾತೇನೋ ಆಡಿದೆ, ಕಾಲು ಮುಂದೆ ಹೋಗಲಿಲ್ಲ. ನೀರು ಮುಟ್ಟದೆ ಹಿಂದಿರುಗಬೇಕಲ್ಲ ಎಂದು ಕಣ್ಣು ತುಂಬಿತು. ಅಷ್ಟರಲ್ಲಿ ಅನಘಾ ಓಡಿ ಬಂದು ಮರಳ ಮೇಲೆ ಟವೆಲ್ ಹಾಸಿದಳು. "ಅಜ್ಜಿ, ಇಲ್ಲಿ ಸ್ಟೆಪ್ ಮಾಡು." ಅದರ ಮುಂದೆ ಇನ್ನೊಂದು ಹಾಸಿದಳು. ನಾನು ದಾಟಿದ ಮೇಲೆ ಹಿಂದಿನದನ್ನು ಎಳೆದು ಮತ್ತೆ ಮುಂದೆ ಹಾಕಿದಳು. ಹೀಗೇ ನೀರಿನವರೆಗೂ ನಡೆಸಿದಳು ನನ್ನ ಬಂಗಾರ!

ಬೊಗಸೆಯಲ್ಲಿ ನೀರೆತ್ತಿ ತಲೆಗೆ ಚಿಮುಕಿಸಿಕೊಂಡೆ. ದೇವರೇ, ಇನ್ನೇನು ಬೇಕು ನನಗೆ! ತಿರುಗಿ ನೋಡಿದರೆ ಅನಘಾ ಕೆಂಪಾದ ಬರಿಗಾಲನ್ನು ಅಲೆಗೆ ಒಡ್ಡಿ ಉಸ್ಸೆನ್ನುತ್ತಿದ್ದಳು.

"ನಿನ್ನ ಶೂ ಎಲ್ಲೇ ಪುಟ್ಟಿ?"

"ನಿನ್ನ ಚಪ್ಪಲಿ ಹತ್ರ" ಎಂದವಳು, ನನ್ನ ಒದ್ದೆ ಕೈ ನೋಡಿ ತನಗೂ ಚಿಮುಕಿಸಲೆಂದು ತಲೆ ಬಗ್ಗಿಸಿದಳು.